ತೆನಾಲಿಯ ಬೆಕ್ಕನ್ನು ಯಾರ ಮನೆಗೆ ಕೊಡೋಣ?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತೇ ಇರತ್ತೆ. ಅಜ್ಜಿ ಹೇಳಿರ್ತಾರೆ, ಇಲ್ಲಾ ಮಕ್ಕಳ ಪುಸ್ತಕದಲ್ಲಿ ಓದಿರ್ತೀರಿ. ಇಲಿ ಕಾಟ ಹೆಚ್ಚಾಯ್ತು ಅಂತ ಕೃಷ್ಣದೇವರಾಯ ಮನೆಮನೆಗೆ ಒಂದು ಬೆಕ್ಕು, ಅದರ ಹಾಲಿಗೆ ಅಂತ ಒಂದು ಹಸು ಕೊಡಿಸ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯೋ ಹಾಲಿಟ್ಟು ಬೆಕ್ಕಿನ ಬಾಯಿ ಸುಡ್ತಾನೆ. ಆಮೇಲೆ ಅದು ಹಾಲು ಕಂಡ್ರೆ ಓಡಿಹೋಗತ್ತೆ. ಹಾಲೆಲ್ಲ ಅವನ ಮನೆಯವರ ಪಾಲು. ನಾವು ನಗ್ತೀವಿ. ಬೆಕ್ಕಿನ ಗತಿ ಏನಾಯ್ತು ಅಂತ ಕೇಳಲ್ಲ. ಕೊಡುವಾಗ ರಾಜನೂ ಕೇಳಲಿಲ್ಲ, ಈ ಬೆಕ್ಕಿಗೆ ಈ ಮನೆ ಸರಿಹೋಗತ್ತಾ ಅಂತ.

ಒಸಾಕಾದಲ್ಲಿ ಕೇಳ್ತಾರೆ. ಬಹಳ ಕೇಳ್ತಾರೆ.

ನೀವು ಕೆಲಸದ ವೀಸಾದ ಮೇಲೆ ಅಲ್ಲಿದ್ದೀರಿ ಅಂದುಕೊಳ್ಳಿ. ಒಂದು ಭಾನುವಾರ 'ಜೋತೋಕಾಯ್'ಗೆ ಹೋಗ್ತೀರಿ. ರಕ್ಷಿಸಿದ ಪ್ರಾಣಿಗಳನ್ನು ಸಾಕುವವರಿಗೆ ತೋರಿಸಿ ಕೊಡುವ ಮೇಳ ಅದು. ಮರಿಗಳ ಸುತ್ತ ಜನ ತುಂಬಿದ್ದಾರೆ. ಮೂಲೆಯ ಪಂಜರದಲ್ಲಿ ಎಂಟು ವರ್ಷದ ಒಂದು ಬೆಕ್ಕು ಗೋಡೆಗೆ ಮುಖ ಮಾಡಿ ಕೂತಿದೆ. ಅದರ ಕಿವಿಯ ತುದಿಯಲ್ಲಿ ಚೆರಿ ಹೂವಿನ ಎಸಳಿನ ಹಾಗೆ ಒಂದು ಸಣ್ಣ ಕಚ್ಚು. ಬೀದಿಯಲ್ಲಿದ್ದಾಗ ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನೋದಕ್ಕೆ ಗುರುತು. ಇಂಥ ಬೆಕ್ಕುಗಳನ್ನು 'ಸಾಕುರಾ ನೆಕೊ' ಅಂತಾರೆ. ನಿಮಗೆ ಅದೇ ಇಷ್ಟವಾಗತ್ತೆ.

ಆಮೇಲೆ ಅರ್ಜಿ. ಮನೆಯೊಳಗೇ ಸಾಕ್ತೀರಾ? ಬಾಡಿಗೆ ಮನೆಯ ಮಾಲೀಕರ ಒಪ್ಪಿಗೆ ಇದೆಯಾ? ದಿನಕ್ಕೆ ಎಷ್ಟು ಹೊತ್ತು ಅದು ಒಂಟಿ? ಕೊನೆಗೆ: ವೀಸಾ ಎಷ್ಟು ವರ್ಷದ್ದು? ನೀವು ಊರಿಗೆ ವಾಪಸ್ ಹೋದ್ರೆ? ಒಬ್ಬರೇ ಇರುವವರಿಗೆ, ವಯಸ್ಸಾದವರಿಗೆ, ವಿದೇಶದವರಿಗೆ ಕೊಡುವುದೇ ಇಲ್ಲ ಅನ್ನೋ ಗುಂಪುಗಳೂ ಇವೆ.

ಸಿಟ್ಟು ಬರತ್ತೆ, ಸಹಜ. ಪಾಸ್‌ಪೋರ್ಟ್ ನೋಡಿ ಪ್ರೀತಿ ಅಳೆಯೋದು ಯಾವ ನ್ಯಾಯ? ಆದರೆ ಅವರ ಜಾಗದಲ್ಲೂ ಒಂದು ಕ್ಷಣ ನಿಂತು ನೋಡಿ. ಜಪಾನಿನ ಪ್ರಾಣಿ ಕಲ್ಯಾಣ ಕಾನೂನು 1973ರದು. 2012ರ ತಿದ್ದುಪಡಿ ಒಂದು ಮಾತು ಸೇರಿಸಿತು: ಸಾಕಿದವರು ಅದರ ಜೀವ ಇರುವ ತನಕ ಸಾಕಲು ಪ್ರಯತ್ನಿಸಬೇಕು. ನಾಯಿ ಬೆಕ್ಕು ಎರಡೂ ಸೇರಿ 2004ರ ಸಾಲಿನಲ್ಲಿ ಅಲ್ಲಿ ಸರ್ಕಾರಿ ಕೇಂದ್ರಗಳಲ್ಲಿ ಕೊಂದದ್ದು ಸುಮಾರು 3.9 ಲಕ್ಷ, 2022ರ ಸಾಲಿಗೆ ಅದು ಸುಮಾರು 12 ಸಾವಿರಕ್ಕೆ ಇಳಿದಿತ್ತು. ಇಳಿದದ್ದರಲ್ಲಿ ಈ ಕಟ್ಟುನಿಟ್ಟಿನ ಸ್ವಯಂಸೇವಕರ ಬೆವರೂ ಇದೆ. ಬಿಟ್ಟುಹೋದ ಬೆಕ್ಕನ್ನು ವಾಪಸ್ ತಂದುಕೊಳ್ಳೋರು ಅವರೇ. ತಪ್ಪು ಮನೆಗೆ ಕೊಟ್ಟರೆ ಪೆಟ್ಟು ತಿನ್ನೋದು ಬೆಕ್ಕು, ನೀವೂ ಅಲ್ಲ, ಅವರೂ ಅಲ್ಲ.

ಹಾಗಾದ್ರೆ ಅವರು ಮಾಡೋದು ಪೂರ್ತಿ ಸರೀನಾ? ನನಗೆ ಹಾಗನ್ನಿಸಲ್ಲ. ಕೊಟ್ಟು ಆದ ತಪ್ಪು ಕಣ್ಣಿಗೆ ಕಾಣತ್ತೆ. ಕೊಡದೇ ಆದ ತಪ್ಪು ಕಾಣಲ್ಲ, ಯಾಕಂದ್ರೆ ಬೆಕ್ಕು ಅದೇ ಪಂಜರದಲ್ಲಿ ಇನ್ನೊಂದು ವರ್ಷ ಸುಮ್ಮನೆ ಕೂತಿರತ್ತೆ. ಮರಿಗಾದರೆ ನಾಳೆ ಇನ್ನೊಬ್ಬರು ಬರ್ತಾರೆ. ಎಂಟು ವರ್ಷದ ಬೆಕ್ಕಿಗೆ ಬರ್ತಾರೆ ಅನ್ನೋ ಭರವಸೆ ಇಲ್ಲ.

ಲೆಕ್ಕವನ್ನೂ ನೋಡಿ. ಮನೆಯೊಳಗೆ ಸಾಕಿದ ಬೆಕ್ಕು ಹದಿನೈದು ವರ್ಷ ಬದುಕುವುದು ಸಾಮಾನ್ಯ. ಮರಿ ತಂದರೆ ಹದಿನೈದು ವರ್ಷದ ಮಾತು ಕೊಟ್ಟ ಹಾಗೆ. ಎಂಟು ವರ್ಷದ್ದು ತಂದರೆ ಏಳೆಂಟು ವರ್ಷದ ಮಾತು. ವೀಸಾದವರಿಗೂ ಎಪ್ಪತ್ತರ ಅಜ್ಜಿಗೂ ಹೊಂದೋದು ಯಾವುದು, ನೀವೇ ಹೇಳಿ. ಜೊತೆಗೆ ದೊಡ್ಡ ಬೆಕ್ಕಿನ ಸ್ವಭಾವ ಮೊದಲೇ ಗೊತ್ತಿರತ್ತೆ. ಇದಕ್ಕೆ ಮಕ್ಕಳ ಗಲಾಟೆ ಆಗಲ್ಲ, ಇನ್ನೊಂದು ಬೆಕ್ಕು ಆಗಲ್ಲ, ಹಾಲು ಕಂಡ್ರೆ ಹೆದರಿಕೆ ಅಂತ ಅದನ್ನು ನೋಡಿಕೊಂಡವರು ಹೇಳಬಲ್ಲರು. ಮನೆ ಹುಡುಕೋದು ಅಲ್ಲಿಂದ ಶುರುವಾಗಬೇಕು, ಅರ್ಜಿಯಲ್ಲಿ ಬರೆದ ದೇಶದ ಹೆಸರಿನಿಂದ ಅಲ್ಲ. ಒಸಾಕಾದ ಉತ್ತರಕ್ಕೆ, ನೋಸೆಯ ಬೆಟ್ಟಗಳ ನಡುವೆ 'ಆರ್ಕ್' ಅನ್ನೋ ಪ್ರಾಣಿಧಾಮ ಇದೆ. 1990ರಲ್ಲಿ ಅದನ್ನು ಶುರು ಮಾಡಿದ ಎಲಿಜಬೆತ್ ಆಲಿವರ್ ಬ್ರಿಟನ್ನಿನವರು. 1995ರಲ್ಲಿ ಕೋಬೆ ನಗರವನ್ನು ಭೂಕಂಪ ಕೆಡವಿದಾಗ ಸುಮಾರು 600 ಪ್ರಾಣಿಗಳು ಅಲ್ಲಿ ಆಸರೆ ಪಡೆದವು. ಹೊರಗಿನವರು ಅಂದ್ರೆ ಬಿಟ್ಟುಹೋಗುವವರು ಅಂತಲೇ ಅರ್ಥ ಅಲ್ಲ.

ಆದರೆ ನಮ್ಮ ಪಾಲಿನ ಕೆಲಸವೂ ಇದೆ. ನನ್ನನ್ನು ನಂಬಿ ಅಂದ್ರೆ ಸಾಲದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ವಾಪಸ್ ಹೋಗುವ ದಿನ ಬರೋದೇ ಇಲ್ಲ ಅಂತ ನಾವು ಕಣ್ಣು ಮುಚ್ಚಿಕೊಂಡಿರ್ತೀವಿ. ಭಾರತಕ್ಕೆ ಕರೆದುಕೊಂಡು ಹೋಗೋದಾದ್ರೆ ಮೈಕ್ರೋಚಿಪ್, ರೇಬಿಸ್ ಲಸಿಕೆ, ಜಪಾನಿನಿಂದ ಹೊರಡುವ ಮುಂಚೆ ತಪಾಸಣೆ, ಭಾರತದ ಪ್ರಾಣಿ ಕ್ವಾರಂಟೈನ್ ಕಚೇರಿಯ ಅನುಮತಿ, ಇವೆಲ್ಲ ಬೇಕು. ಈ ಕಾಗದಪತ್ರದ ಪಟ್ಟಿ, ಅದರ ಖರ್ಚಿಗೆ ತೆಗೆದಿಟ್ಟ ದುಡ್ಡು, ಆಗದೇ ಹೋದ್ರೆ ಬೆಕ್ಕನ್ನು ಇಟ್ಟುಕೊಳ್ಳೋಕೆ ಒಪ್ಪಿದ ಒಬ್ಬ ಸ್ನೇಹಿತರ ಸಹಿ: ಇಷ್ಟನ್ನು ಮೇಜಿನ ಮೇಲಿಟ್ಟು ಮಾತಾಡಿ. ಆಗಲೂ ಇಲ್ಲ ಅನ್ನಬಹುದು. ಆದರೆ ಪ್ರಶ್ನೆ ಈಗ ನೀವು ಯಾವ ದೇಶದವರು ಅನ್ನೋದರಿಂದ ನೀವು ಏನು ಯೋಚಿಸಿದ್ದೀರಿ ಅನ್ನೋದಕ್ಕೆ ಬಂತಲ್ಲ. ಯೋಚಿಸಿ ಉತ್ತರ ಸಿಗದಿದ್ದರೆ ಅರ್ಜಿ ಹಾಕದೇ ಇರೋದೂ ಒಂದು ಒಳ್ಳೆಯ ಕೆಲಸವೇ.

ಹೀಗೆ ಪ್ರಾಣಿಗೆ ಮನೆ ಕೊಡುವವರನ್ನು ಜಪಾನಿಯಲ್ಲಿ 'ಸಾತೊ-ಓಯಾ' ಅಂತಾರೆ. 'ಓಯಾ' ಅಂದ್ರೆ ಹೆತ್ತವರು. 'ಸಾತೊ' ಅಂದ್ರೆ ಊರು, ತವರು. ಊರು ಬಿಟ್ಟು ಬಂದ ನಮಗೆ ಈ ಪದ ಸ್ವಲ್ಪ ಚುಚ್ಚತ್ತೆ, ಅಲ್ವಾ? ನಮ್ಮದೇ ತವರು ಎಲ್ಲಿ ಅಂತ ಮಕ್ಕಳು ಕೇಳಿದಾಗ ತಡವರಿಸೋ ನಾವು ಇನ್ನೊಂದು ಜೀವಕ್ಕೆ ತವರಾಗಬಹುದಾ? ಆಗಬಹುದು ಅಂತಲೇ ನನ್ನ ನಂಬಿಕೆ. ನಾವು ಹೊರಟಾಗ ಅದು ಎಲ್ಲಿರತ್ತೆ ಅನ್ನೋದನ್ನ ಅದನ್ನು ತರೋ ಮೊದಲೇ ತೀರ್ಮಾನ ಮಾಡಿದ್ರೆ.

ನಿಮ್ಮ ಮನೆಯಲ್ಲಿ ಬೆಕ್ಕೋ ನಾಯಿಯೋ ಇದ್ದರೆ, ಈ ಮಾತನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯವರ ಜೊತೆ ಆಡಿ ನೋಡಿ.