ಹುಲಿವಾಹನನ ಹುಲಿ ಯಾರ ಹೊಣೆ?

ಏಳುಮಲೆಯೊಡೆಯ ಮಾದಪ್ಪ ಹುಲಿಯೇರಿದ ದೇವರು. ಬೆಟ್ಟಕ್ಕೆ ಬಂದ ಭಕ್ತಾದಿಗಳು ಹುಲಿವಾಹನ ಉತ್ಸವ ಮಾಡಿಸಿ, ‘ಉಘೇ’ ಎಂದು ಕೈಮುಗಿಯುತ್ತಾರೆ. ಉತ್ಸವದ ಹುಲಿಗೆ ಕೈಮುಗಿದ ಮೇಲೆ ಕಾಡಿನ ಹುಲಿಯ ಋಣ ತೀರಿತೇ?

ಈ ಮಲೆಗಳು 2013ರಲ್ಲಿ ವನ್ಯಜೀವಿಧಾಮವಾದವು. ಇದೇ ಕಾಡಿನ ಹೂಗ್ಯಂ ವಲಯದಲ್ಲಿ 2025ರ ಜೂನ್ ತಿಂಗಳಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿ ತನ್ನ ಬೇಟೆಯನ್ನು ಒಂದೇ ಸಲಕ್ಕೆ ತಿಂದು ಮುಗಿಸೋದಿಲ್ಲ. ಮತ್ತೆ ಬರುತ್ತೆ, ಮರಿಗಳನ್ನೂ ಕರೆತರುತ್ತೆ. ಹಾಗಾಗಿ ಒಂದು ವಿಷಕ್ಕೆ ಇಡೀ ಸಂಸಾರವೇ ಬಲಿಯಾಗುತ್ತದೆ.

ಹುಲಿಗೆ ಹಸಿವು ಗೊತ್ತು, ಹಸು ಯಾರದು ಅಂತ ಗೊತ್ತಿಲ್ಲ. ತಿಳಿದೂ ಕೊಲ್ಲುವವನು ಮನುಷ್ಯ, ಪಾಪವೂ ಅವನದೇ. ಹಾಗಂತ ಹಸು ಕಳಕೊಂಡವನ ಕಣ್ಣೀರು ಸುಳ್ಳಲ್ಲ. ಬಡವನ ಮನೆಯಲ್ಲಿ ಹಸು ಅಂದ್ರೆ ಅನ್ನ. ಸಾವಿರಾರು ಜನ ಪೂಜಿಸುವ ಹುಲಿಯನ್ನು ಕಾಡಂಚಿನ ಒಬ್ಬ ಬಡವ ತನ್ನ ಹಟ್ಟಿಯ ಹಸು ಕೊಟ್ಟು ಸಾಕಬೇಕು ಅನ್ನುವುದು ಯಾವ ಧರ್ಮ? ಅವನಿಗೆ ಪರಿಹಾರ ಬೇಗ ಸಿಗಲಿ ಎಂದು ಕೇಳುವುದು ಎಲ್ಲ ಭಕ್ತರ ಕರ್ತವ್ಯ.

ಕಾಡಿನಲ್ಲಿ ಜಿಂಕೆ, ಕಡವೆ ತುಂಬಿದ್ದರೆ ಹುಲಿಗೆ ದನದ ಹಂಗು ಕಡಿಮೆ. ದಾರಿಯಲ್ಲಿ ಪ್ಲಾಸ್ಟಿಕ್ ಎಸೆಯದೆ, ಬೀಡಿ ಬೆಂಕಿ ಬಿಸಾಡದೆ, ಗಾಡಿ ನಿಧಾನವಾಗಿ ಓಡಿಸಿದರೆ ಅವುಗಳ ಜೀವ ಉಳಿದೀತು. ಮುಡಿಪು ಕಟ್ಟುವ ಭಕ್ತರು ಈ ಹರಕೆಯನ್ನೂ ಹೊತ್ತರೆ, ಮಾದಪ್ಪನ ಹುಲಿ ಉತ್ಸವದಲ್ಲಿ ಮಾತ್ರವಲ್ಲ, ಅವನ ಮಲೆಯಲ್ಲೂ ಬದುಕೀತು.