ಎಳೆಯರಿಗೆ ಎಚ್ಚರದ ಶಿಕ್ಷಣ

ಮನಸ್ಸನ್ನು ಒಂದೆಡೆ ನಿಲ್ಲಿಸುವುದು ತಪಸ್ವಿಗಳಿಗೂ ಸುಲಭಸಾಧ್ಯವಲ್ಲ. ಹೀಗಿರುವಾಗ ಏಳೆಂಟು ವರ್ಷದ ಮಕ್ಕಳನ್ನು ಕಣ್ಣು ಮುಚ್ಚಿ ಕುಳ್ಳಿರಿಸಿ, ಉಸಿರಾಟವನ್ನು ಗಮನಿಸಿರೆಂದು ಹೇಳುವ ಪದ್ಧತಿ ಪ್ರಾಥಮಿಕ ಶಾಲೆಗಳಿಗೂ ಬಂದಿದೆ. 2018ರ ಜುಲೈನಲ್ಲಿ ದೆಹಲಿ ಸರ್ಕಾರವು ತನ್ನ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ ಆರಂಭಿಸಿದ ‘ಹ್ಯಾಪಿನೆಸ್’ ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಾನವಿತ್ತು. ‘ಮೈಂಡ್‌ಫುಲ್‌ನೆಸ್’ ಎಂದು ಹೆಸರಾದ ಈ ಅಭ್ಯಾಸದ ಮೂಲ ಬೌದ್ಧ ಧ್ಯಾನ. 1979ರಲ್ಲಿ ಅಮೆರಿಕದ ಜಾನ್ ಕಬಟ್-ಝಿನ್ ಅವರು ರೋಗಿಗಳ ಉಪಶಮನಕ್ಕಾಗಿ ಅದನ್ನು ಆಸ್ಪತ್ರೆಗೆ ತಂದರು. ಜೈನರಲ್ಲಿ ತೇರಾಪಂಥದ ಆಚಾರ್ಯ ತುಳಸಿ ಮತ್ತು ಮಹಾಪ್ರಜ್ಞರು 1970ರ ದಶಕದಲ್ಲಿ ಪ್ರೇಕ್ಷಾಧ್ಯಾನವನ್ನು ರೂಪಿಸಿದರು. ಮುಂದೆ ಅದು ‘ಜೀವನ ವಿಜ್ಞಾನ’ ಎಂಬ ಹೆಸರಿನಲ್ಲಿ ಶಾಲೆಗಳನ್ನೂ ಪ್ರವೇಶಿಸಿತು.

ಇದರಿಂದ ಮಕ್ಕಳು ಶಾಂತರಾಗುತ್ತಾರೆ, ಅಂಕಗಳೂ ಹೆಚ್ಚುತ್ತವೆ ಎಂಬ ಭರವಸೆ ಪೋಷಕರಿಗೆ ಪ್ರಿಯವಾದುದು. ಆದರೆ ಬ್ರಿಟನ್ನಿನ 85 ಶಾಲೆಗಳಲ್ಲಿ, 11ರಿಂದ 14 ವರ್ಷದ 8000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪಾಠ ಕಲಿತವರ ಮನಃಸ್ವಾಸ್ಥ್ಯವು ವಾಡಿಕೆಯ ಪಾಠ ಕಲಿತವರಿಗಿಂತ ಉತ್ತಮವೆಂದು ಕಂಡುಬರಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ.

ಇದಕ್ಕಿಂತ ಆಳವಾದ ಪ್ರಶ್ನೆಯೊಂದಿದೆ: ಏಕಾಗ್ರತೆ ತಾನಾಗಿಯೇ ಸದ್ಗುಣವೇ? ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಹಿಂಸೆ, ಸುಳ್ಳು, ಕಳವುಗಳಲ್ಲಿ ನೆಟ್ಟ ಮನಸ್ಸೂ ಧ್ಯಾನವೇ; ಆದರೆ ಅದು ರೌದ್ರಧ್ಯಾನ. ಕೆರೆಯ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತ ಬಕನ ಏಕಾಗ್ರತೆಗೆ ಕೊರತೆಯೇನಿಲ್ಲ, ಮೀನಿಗೆ ಮಾತ್ರ ಅದರಿಂದ ಕ್ಷೇಮವಿಲ್ಲ. ಆದುದರಿಂದ ಮಗುವಿನ ಚಿತ್ತವನ್ನು ಹರಿತಗೊಳಿಸುವ ಮೊದಲು ಆ ಹರಿತ ಯಾವುದಕ್ಕೆಂದು ಕೇಳಬೇಕಾಗುತ್ತದೆ.

ಜೈನಾಗಮದಲ್ಲಿ ಎಚ್ಚರದ ವಿರುದ್ಧಪದ ಚಂಚಲತೆಯಲ್ಲ, ಪ್ರಮಾದ. ಪ್ರಮಾದದಿಂದ ಪ್ರಾಣಿಗೆ ಘಾತವಾಗುವುದೇ ಹಿಂಸೆ ಎಂಬುದು ಅದೇ ಗ್ರಂಥದ ನಿರ್ಣಯ. ಎಂದರೆ ಎಚ್ಚರವು ತನ್ನ ಮನಸ್ಸಿನ ನೆಮ್ಮದಿಗಿಂತ ಮೊದಲು ಇನ್ನೊಂದು ಜೀವದ ರಕ್ಷಣೆಗಾಗಿ ಇರುವಂಥದು. ಸಮಿತಿಗಳು ಮುನಿಗಳಿಗೆ ವಿಧಿಸಿದವಾದರೂ ಅವುಗಳ ಸಾರ ಮಗುವಿಗೂ ನಿಲುಕುತ್ತದೆ. ನೆಲ ನೋಡಿ ನಡೆಯುವುದು ಈರ್ಯಾಸಮಿತಿ, ನೋವಾಗದಂತೆ ಮಾತನಾಡುವುದು ಭಾಷಾಸಮಿತಿ. ಚೀಲವನ್ನು ಎಸೆಯದೆ, ಕೆಳಗೇನಿದೆಯೆಂದು ನೋಡಿ ಇಡುವುದು ಆದಾನ-ನಿಕ್ಷೇಪಣ. ಹಿಂದೆ ತಾಯಂದಿರು ಇಮ್ಮಡಿ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೇದಿದ ಬಾವಿಗೇ ಮರಳಿ ಬಿಡುವುದನ್ನು ಮಕ್ಕಳು ದಿನವೂ ನೋಡುತ್ತಿದ್ದರು. ಅದಕ್ಕೆ ಯಾರೂ ಧ್ಯಾನವೆಂಬ ಹೆಸರಿಡಲಿಲ್ಲ. ನಲ್ಲಿಯೂ ಶುದ್ಧೀಕರಣ ಯಂತ್ರವೂ ಬಂದ ಮೇಲೆ ನೀರು ನಿರ್ಮಲವಾಯಿತು, ಆ ನೋಟ ಮರೆಯಾಯಿತು.

ಗಡಿನಾಡಿನ ಶ್ರಾವಕ ಕುಟುಂಬಗಳಿಗೆ ಇಲ್ಲಿ ಮತ್ತೊಂದು ತೊಡಕಿದೆ. ವಯನಾಡಿನಲ್ಲಿ ಮನೆಮಾತು ಕನ್ನಡವಾದ ಮಗು ಶಾಲೆಯಲ್ಲಿ ಮಲಯಾಳ ಓದುತ್ತದೆ, ಸೊಲ್ಲಾಪುರದ ಎಷ್ಟೋ ಮಕ್ಕಳಿಗೆ ಮರಾಠಿಯೇ ಹತ್ತಿರ, ಪಂಚನಮಸ್ಕಾರವಂತೂ ಪ್ರಾಕೃತ. ಬಾಯಿಪಾಠದ ಅರ್ಥ ಕೇಳಿದರೆ ಹಲವರು ತಲೆ ತಗ್ಗಿಸುತ್ತಾರೆ. ಇರುವೆಯ ಸಾಲನ್ನು ದಾಟಿ ಹೆಜ್ಜೆಯಿಡುವ ಪಾಠಕ್ಕೆ ಮಾತ್ರ ಭಾಷಾಂತರ ಬೇಕಿಲ್ಲ.

ಹಾಗೆಂದು ಸರ್ವಧರ್ಮದ ಮಕ್ಕಳು ಕೂಡಿ ಕಲಿಯುವ ಶಾಲೆಯಲ್ಲಿ ಸಾಮಾಯಿಕವನ್ನು ಬೇಡುವುದು ಉಚಿತವಲ್ಲ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ನಮ್ಮ ಮಗುವಿನ ಮೇಲೆ ಪರರ ಆಚಾರವನ್ನು ಹೇರಬಾರದೆನ್ನುವವರು ಪರರ ಮಗುವಿನ ಮೇಲೆ ನಮ್ಮದನ್ನು ಹೇರಲಾಗದು. ಅನೇಕಾಂತವನ್ನು ವೇದಿಕೆಯ ಮೇಲೆ ಹೊಗಳುವುದಕ್ಕಿಂತ ಇದು ಕಠಿಣ. ಶಾಲೆಗೆ ಕರುಣೆಯೂ ಜಾಗರೂಕತೆಯೂ ಸಾಕು. ಮಂತ್ರ ಮತ್ತು ವ್ರತಗಳಿಗೆ ಮನೆಯೂ ಬಸದಿಯ ಪಾಠಶಾಲೆಯೂ ಇವೆ.

ಅಲ್ಲಿಯೂ ಬಲಾತ್ಕಾರ ಬೇಡ. ಬೆತ್ತದ ಭಯದಿಂದ ಮುಚ್ಚಿದ ಕಣ್ಣಿನ ಹಿಂದೆ ಆರ್ತಧ್ಯಾನವಲ್ಲದೆ ಬೇರೇನೂ ನಡೆಯದು. ಸಾಮಾಯಿಕದ ಕಾಲ ಎರಡು ಘಳಿಗೆ, ಎಂದರೆ 48 ನಿಮಿಷ. ಅದು ಹಿರಿಯರ ಅಳತೆ. ಎಳೆಯರಿಗೆ ಐದು ನಿಮಿಷವಾದರೂ ಆದೀತು. ಆ ಐದು ನಿಮಿಷ ತಂದೆಯ ಮೊಬೈಲ್ ಎಲ್ಲಿರುತ್ತದೆಂಬುದನ್ನು ಮಗು ಓರೆಗಣ್ಣಿನಿಂದ ಗಮನಿಸುತ್ತಲೇ ಇರುತ್ತದೆ. ಅಜ್ಜಿಯು ಸಾಮಾಯಿಕಕ್ಕೆ ಕುಳಿತಾಗ ಪಕ್ಕದಲ್ಲಿ ತಾನೂ ಚಕ್ಕಳಮಕ್ಕಳ ಹಾಕಿ ಕುಳಿತು, ಬೇಸರವಾದೊಡನೆ ಎದ್ದು ಅಂಗಳಕ್ಕೆ ಓಡುವ ಮೊಮ್ಮಗುವನ್ನು ತಡೆಯಬೇಕಾಗಿಲ್ಲ. ನಾಳೆ ಅದು ಮತ್ತೆ ಬಂದು ಕುಳಿತೀತು.