ಸಂಶಯವೋ, ವಿಕಲ್ಪವೋ

ಕೋಣೆಯ ಗೋಡೆಗೆ ಐವರಿ ಬಳಿಸಬೇಕೋ, ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಹಳದಿಯಾದ ಕ್ರೀಮ್ ಬಳಿಸಬೇಕೋ ಎಂದು ಶೇಡ್ ಕಾರ್ಡ್ ಹಿಡಿದು ದಿನಗಟ್ಟಲೆ ತೊಳಲಾಡುವುದು ಕ್ಷುಲ್ಲಕವೆಂದು ತೋರಿದರೂ, ಸಮಾನವಾದ ಎರಡು ಪಕ್ಷಗಳಲ್ಲಿ ಒಂದನ್ನು ಹಿಡಿಯಲು ಕಾರಣ ಬೇಕೇ ಎಂಬ ಹಳೆಯ ಪ್ರಶ್ನೆ ಅದರಲ್ಲಿ ಅಡಗಿದೆ.

ಗೌತಮನ ನ್ಯಾಯಸೂತ್ರಗಳ ಪರಂಪರೆಯಲ್ಲಿ, ಮಬ್ಬುಗತ್ತಲಲ್ಲಿ ದೂರಕ್ಕೆ ನಿಂತದ್ದು ಮೋಟುಮರವೋ ಮನುಷ್ಯನೋ ಎಂಬಂತೆ, ಎರಡಕ್ಕೂ ಸಾಮಾನ್ಯವಾದ ಧರ್ಮವಷ್ಟೇ ಕಂಡು ಬೇರ್ಪಡಿಸುವ ವಿಶೇಷಧರ್ಮ ಕಾಣದಿದ್ದಾಗ ಹುಟ್ಟುವ ತೂಗಾಟದ ಜ್ಞಾನವನ್ನು ಸಂಶಯವೆನ್ನುತ್ತಾರೆ. ಕೈಕಾಲು ಕಂಡೊಡನೆ ಅದು ಅಳಿಯುತ್ತದೆ. ಬಣ್ಣ ಆರಿಸುವವರೂ ಅಂಥದೊಂದು ಗುರುತು ಸಿಕ್ಕೀತೆಂದು ಬಿಸಿಲಿನಲ್ಲೊಮ್ಮೆ, ಟ್ಯೂಬ್‌ಲೈಟಿನಲ್ಲೊಮ್ಮೆ ನೋಡುತ್ತಾರೆ. ಆದರೆ ಇಲ್ಲಿ ತಿಳಿವಿಗೆ ಕೊರತೆಯಿಲ್ಲ. ಭೇದ ಆಗಲೇ ಕಂಡಿದೆ, ಅದು ಯಾವುದನ್ನೂ ಮೇಲೆನಿಸುತ್ತಿಲ್ಲ, ಅಷ್ಟೆ.

ಇಂಥ ಸ್ಥಿತಿಗೆ, ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸಾಶಾಸ್ತ್ರದಲ್ಲಿ ವಿಕಲ್ಪವೆಂಬ ಹೆಸರಿದೆ. ಪುರೋಡಾಶಕ್ಕೆ, ಎಂದರೆ ಅಗ್ನಿಗೆ ಅರ್ಪಿಸುವ ಹಿಟ್ಟಿನ ರೊಟ್ಟಿಗೆ, ಭತ್ತವನ್ನು ವಿಧಿಸುವ ವಾಕ್ಯವೂ ಜವೆಯನ್ನು ವಿಧಿಸುವ ವಾಕ್ಯವೂ ಸಮಾನಬಲದಿಂದ ಇರುವುದರಿಂದ ಯಜಮಾನನು ಇಚ್ಛೆಯಂತೆ ಒಂದನ್ನು ಹಿಡಿಯಬಹುದು. ಮೀಮಾಂಸಕರು ಈ ಸ್ವಾತಂತ್ರ್ಯವನ್ನು ಹಿಗ್ಗಿನಿಂದ ಕೊಟ್ಟವರಲ್ಲ. ಒಂದನ್ನು ಹಿಡಿದಾಗ ಇನ್ನೊಂದರ ಒಪ್ಪಿದ ಪ್ರಾಮಾಣ್ಯವನ್ನು ಬಿಡಬೇಕು, ಇಲ್ಲದ ಅಪ್ರಾಮಾಣ್ಯವನ್ನು ಅದಕ್ಕೆ ಹೊರಿಸಬೇಕು, ಮುಂದೊಮ್ಮೆ ಅದನ್ನೇ ಆರಿಸಿದರೆ ಇವೆರಡನ್ನೂ ಹಿಂತೆಗೆಯಬೇಕು. ಹೀಗೆ ಪಕ್ಷಕ್ಕೆ ನಾಲ್ಕರಂತೆ 8 ದೋಷಗಳನ್ನು ಎಣಿಸಿ, ಬೇರೆ ಗತಿಯಿಲ್ಲದಲ್ಲಿ ಮಾತ್ರ ವಿಕಲ್ಪವೆಂದರು. ಲೆಕ್ಕ ಅತಿಸೂಕ್ಷ್ಮವೆನಿಸಬಹುದು, ಆದರೂ ಐವರಿಯನ್ನು ಆರಿಸಿದವರು ಕ್ರೀಮಿನಲ್ಲಿ ಇಲ್ಲದ ಕುಂದನ್ನು ಹುಡುಕತೊಡಗುವುದೇಕೆಂಬುದಕ್ಕೆ ಇದಕ್ಕಿಂತ ಒಪ್ಪುವ ವಿವರಣೆ ಸಿಗುವುದು ಕಷ್ಟ. ಗೋಡೆಯ ಮುಂದಿನ ತೊಳಲಾಟವೆಲ್ಲ ಬಹುಮಟ್ಟಿಗೆ ವಿಕಲ್ಪವನ್ನು ಸಂಶಯವೆಂದು ಬಗೆದು, ಇಚ್ಛೆ ಮಾಡಬೇಕಾದ ಕೆಲಸವನ್ನು ಕಣ್ಣಿಗೆ ಒಪ್ಪಿಸಿದ್ದರ ಫಲ.

ಆರಿಸಿದ ಮೇಲಿನ ಕಟ್ಟುಪಾಡೂ ಮೀಮಾಂಸೆಯಲ್ಲಿದೆ. ಭತ್ತದಿಂದ ತೊಡಗಿದ ಯಾಗದಲ್ಲಿ ಭತ್ತ ನಷ್ಟವಾದರೆ ಬಿಟ್ಟ ಜವೆಯನ್ನು ತರುವಂತಿಲ್ಲ; ಭತ್ತವನ್ನು ಹೋಲುವ ನೀವಾರವೆಂಬ ಕಾಡುಭತ್ತವನ್ನು ಪ್ರತಿನಿಧಿಯಾಗಿ, ಎಂದರೆ ಬದಲಿ ದ್ರವ್ಯವಾಗಿ, ತರಬೇಕು. ಅರ್ಧ ಗೋಡೆಗೇ ಐವರಿ ಮುಗಿದು ಅಂಗಡಿಯಲ್ಲೂ ಸಿಗದಿದ್ದರೆ ಈ ನಿಯಮ ವಿಚಿತ್ರ ತೊಡಕಿಗೆ ಸಿಲುಕುತ್ತದೆ, ಏಕೆಂದರೆ ಐವರಿಯನ್ನು ಎಲ್ಲಕ್ಕಿಂತ ಹೆಚ್ಚು ಹೋಲುವುದು ಬಿಟ್ಟುಬಂದ ಕ್ರೀಮೇ. ನೀವಾರವನ್ನು ನೀವಾರವೆಂದಲ್ಲ, ಅದರಲ್ಲಿರುವ ಭತ್ತದ ಅಂಶಗಳಿಗಾಗಿ ಬಳಸುವುದೆಂಬ ಮೀಮಾಂಸಕರ ಮಾತನ್ನು ಹಿಡಿದರೆ, ಆ ಕ್ರೀಮ್ ಗೋಡೆಗೆ ಬರಬಹುದು, ಆದರೆ ಐವರಿಯಾಗಿ ಮಾತ್ರ.